ಅತ್ತಿಗೆಯ ಸದ್ದಿನ ಕೀಬೋರ್ಡು

ನಮ್ಮ ಅತ್ತಿಗೆ ಹಲ್ಲಿಗೆ ಹೆದರುವವರಲ್ಲ, ಮೇಲಧಿಕಾರಿಗೂ ಹೆದರುವವರಲ್ಲ. ಅಂಥವರು ನಾನು ತಂದ ರಟ್ಟಿನ ಡಬ್ಬ ನೋಡಿದ್ದೇ ತಡ, ಓಡಿಹೋಗಿ ಕೋಣೆಯ ಬಾಗಿಲು ಹಾಕಿದರು.

"ಮೆಲ್ಲಗೆ ಬಿಚ್ಚೇ, ನಿಮ್ಮಣ್ಣ ಹೊರಗೇ ಇದ್ದಾರೆ."

ಡಬ್ಬದಲ್ಲಿದ್ದದ್ದು ಬಾಂಬಲ್ಲ, ಕೀಬೋರ್ಡು. ಮೆಕ್ಯಾನಿಕಲ್ ಅನ್ನುತ್ತಾರಲ್ಲ, ಕೀಗೊಂದು ಸ್ಪ್ರಿಂಗ್ ಇರುವಂಥದ್ದು, ಅದು, ಅದರಲ್ಲೂ ಅಗ್ಗದ್ದು. ಹೊಸದಾಗಿ ಕೊಳ್ಳೋರಿಗೆ ಇದು ಧಾರಾಳ ಸಾಕು ಎಂದಿದ್ದ ಅಂಗಡಿಯವನು.

ಅತ್ತಿಗೆ ವಿಚಾರಣಾ ಕಚೇರಿಯಲ್ಲಿ ಟೈಪಿಸ್ಟು. ಜನ ಹೇಳಿಕೆ ಕೊಡುತ್ತಾ ಹೋದಂತೆ ಇವರು ಟೈಪು ಮಾಡುತ್ತಾ ಹೋಗಬೇಕು. ಹೇಳುವವನು ಅತ್ತರೂ ಇವರ ಕೈ ನಿಲ್ಲುವಂತಿಲ್ಲ. ಅಣ್ಣನ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಬೆರಳುಗಳಿಂದ. ಈಗೀಗ ಅವುಗಳ ತುದಿ ಜೋಮು ಹಿಡಿದಂತಾಗಿ, ಕಚೇರಿಯ ಮೆತ್ತನೆ ಕೀಬೋರ್ಡಿನಲ್ಲಿ ಕೀ ಒತ್ತಿತೋ ಇಲ್ಲವೋ ತಿಳಿಯದೆ ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ಗಾಯದ ಮೇಲೆ ಬರೆ ಎಂಬಂತೆ ಹೊಸ ಅಧಿಕಾರಿ ಬಂದು, ಸೋಮವಾರ ಎಲ್ಲ ಟೈಪಿಸ್ಟರಿಗೂ ಪರೀಕ್ಷೆ, ತಪ್ಪಿದವರು ಮನೆಗೆ ಎಂದುಬಿಟ್ಟರು. ಬೇಕಾದರೆ ಸ್ವಂತ ಕೀಬೋರ್ಡು ತರಬಹುದಂತೆ, ಎಂಥ ಉದಾರಿ! ಅತ್ತಿಗೆ ಇದನ್ನೆಲ್ಲ ನನಗೊಬ್ಬಳಿಗೇ ಹೇಳಿ, ಅಣ್ಣನ ಕಿವಿಗೆ ಹಾಕಕೂಡದೆಂದು ಮಾತು ತೆಗೆದುಕೊಂಡಿದ್ದರು.

ಕೀಬೋರ್ಡು ಕೈಗೆತ್ತಿಕೊಂಡರೆ ಇಟ್ಟಿಗೆಯಷ್ಟು ಭಾರ. ಕೀಗಳೂ ಎತ್ತರ. ಅತ್ತಿಗೆ ಹೆದರುತ್ತಲೇ ಒಂದನ್ನು ಒತ್ತಿದರು. ಟಕ್! ಬೆಚ್ಚಿ ಕೈ ಎಳೆದುಕೊಂಡರು.

"ಇದೇನೇ ಇದು, ಊರಿಗೆಲ್ಲ ಡಂಗುರ ಸಾರತ್ತೆ!"

"ಸಾರಲಿ ಬಿಡಿ ಅತ್ತಿಗೆ. ಬೆರಳಿಗೆ ಗೊತ್ತಾಗದಿದ್ರೂ ಕಿವಿಗೆ ಗೊತ್ತಾಗತ್ತಲ್ಲ?"

ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ. ಅಕ್ಷರ ಬಿದ್ದಾಗಲೆಲ್ಲ ಟಕ್ ಎನ್ನುತ್ತಿತ್ತು, ಬೀಳದಿದ್ದರೆ ಸುಮ್ಮನಿರುತ್ತಿತ್ತು. ಎಷ್ಟೋ ದಿನಗಳ ಮೇಲೆ ಅತ್ತಿಗೆಯ ಮುಖದಲ್ಲಿ ನಗು ಕಂಡಿತು. ಅಣ್ಣ ಮಾತ್ರ ಹೊರಗಿನಿಂದಲೇ, "ಒಳಗೇನು, ತಗಡಿನ ಮೇಲೆ ಆಲಿಕಲ್ಲು ಬೀಳ್ತಿದ್ಯಾ?" ಎಂದು ಕೂಗಿದ. ಕಚೇರಿ ಕೆಲಸ ಎಂದು ಬಾಯಿ ಮುಚ್ಚಿಸಿದೆ.

ಭಾನುವಾರ ಅತ್ತಿಗೆ ಒಂದಿಡೀ ಹಾಳೆ ಟೈಪು ಮಾಡಲು ಕೂತರು. ಪಳಗಿದ ಟೈಪಿಸ್ಟರು ಕೀಗಳನ್ನೂ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ; ಕಣ್ಣು ಪೂರ್ತಿ ಹಾಳೆಯ ಮೇಲೆ. ಟಕಟಕ ಸದ್ದು ಎಲ್ಲೂ ಮುಗ್ಗರಿಸಲಿಲ್ಲ. ಗೆದ್ದೆವು ಅಂದುಕೊಂಡು ನಾನು ಹಿಂದಿನಿಂದ ಬಗ್ಗಿ ಪರದೆ ನೋಡಿದೆ.

ಒಂದು ಪದವೂ ಪದವಾಗಿರಲಿಲ್ಲ. ಮೇಲಿಂದ ಕೆಳಗಿನವರೆಗೆ ತಲೆಬುಡವಿಲ್ಲದ ಅಕ್ಷರಗಳು. ಅಗ್ಗದ ಮಾಲು ಕೈಕೊಟ್ಟಿತು ಎಂದು ಅಂಗಡಿಯವನಿಗೆ ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡಿದೆ. ಆಮೇಲೆ ಅತ್ತಿಗೆಯ ಕೈ ನೋಡಿದೆ. ಎರಡೂ ಕೈ ಒಂದೊಂದು ಕೀ ಬಲಕ್ಕೆ ಸರಿದು ಕೂತಿದ್ದವು. ತೋರುಬೆರಳು ಇಡುವ ಎರಡು ಕೀಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ನೋಡದೆ ಟೈಪು ಮಾಡುವವರು ಅದನ್ನು ತಡವಿಯೇ ತಮ್ಮ ಜಾಗ ಹಿಡಿಯುವುದು. ಅತ್ತಿಗೆಯ ಬೆರಳಿಗೆ ಆ ಗೆರೆ ಸಿಕ್ಕಿರಲಿಲ್ಲ. ಕೀಬೋರ್ಡಿನದು ಏನೂ ತಪ್ಪಿಲ್ಲ. ಒತ್ತಿದ್ದೀರಿ ಎಂದು ಅದು ಹೇಳುತ್ತದೆ, ಯಾವುದನ್ನು ಒತ್ತಿದ್ದೀರಿ ಎಂದು ಹೇಳುವುದಿಲ್ಲ.

"ಹೇಗಿದೆ? ಒಂದ್ ಸಲಾನೂ ನಿಲ್ಲಲಿಲ್ಲ ನೋಡು," ಅಂದರು ಅತ್ತಿಗೆ. ಎಡಗೈ ಕೀಗಳ ಮೇಲೇ ಇತ್ತು, ಬಲಗೈ ಮುಂದಿನ ಹಾಳೆ ಹುಡುಕುತ್ತಿತ್ತು.

ಅವರ ಎಡಗೈಯ ತೋರುಬೆರಳಿನ ತುದಿಯನ್ನು ಮೆಲ್ಲಗೆ ಚಿವುಟಿದೆ.

"ಯಾಕೆ ಸುಮ್ಮನಾದೆ? ಮಾತಾಡೇ," ಅಂದರು, ಹಾಳೆ ನೋಡುತ್ತಲೇ.

ಗಟ್ಟಿಯಾಗಿ ಚಿವುಟಿದೆ. ಹಾಳೆ ಹುಡುಕುವುದು ನಡೆದೇ ಇತ್ತು. ಪರೀಕ್ಷೆ, ಕೆಲಸ ಎಲ್ಲ ನನ್ನ ತಲೆಯಿಂದ ಹಾರಿಹೋದವು.

"ಅಣ್ಣಾ, ಬೇಗ ಬಾ!" ಎಂದು ಕಿರುಚಿಬಿಟ್ಟೆ.

ನಾನು ಕೊಟ್ಟ ಮಾತು ಮುರಿದೆನೆಂದು ಅತ್ತಿಗೆ ಸಿಟ್ಟಿನಿಂದ ನನ್ನತ್ತ ತಿರುಗಿದರು. ಆಗ ನನ್ನ ಉಗುರುಗಳ ನಡುವೆ ಇದ್ದ ಅವರ ಬೆರಳು ಕಣ್ಣಿಗೆ ಬಿತ್ತು. ಸಿಟ್ಟು ಮುಖದಲ್ಲೇ ನಿಂತುಹೋಯಿತು.

"ಇದನ್ನ ಯಾವಾಗಿಂದ ಹಿಡ್ಕೊಂಡಿದ್ದೀಯೇ?" ಅಂದರು.