ಹೊರಗಿನವನ ಕೈಯಲ್ಲಿ ಹೂ ಎತ್ತಿಸಿದ್ದು

ಕೊಯಮತ್ತೂರಿನ ಪಕ್ಕದ ತೊಂಡಾಮುತ್ತೂರಿನ ಒಂದು ತೋಟಕ್ಕೆ ಪಂಪಿನ ಮೋಟಾರು ರಿಪೇರಿಗೆ ಹೋಗಿದ್ದೆ. ಅಲ್ಲಿನ ಯಜಮಾನರ ಮನೆಮಾತೂ ನಮ್ಮ ಹಾಗೆ ಕನ್ನಡವೇ. ನಾನು ಕೈಯ ಗ್ರೀಸು ಒರೆಸಿಕೊಳ್ಳುವಷ್ಟರಲ್ಲಿ, "ಬಾ ತಂಬಿ, ಒಂದು ಹೂ ಎತ್ತಬೇಕು" ಎಂದು ತೋಟದ ಗುಡಿಗೆ ಎಳೆದುಕೊಂಡು ಹೋದರು.

ಅವರ ಮಗಳು ರತ್ನಳಿಗೆ ಮೂರು ಕಾಲೇಜಿನವರು ಸೀಟಿಲ್ಲ ಎಂದಿದ್ದರು. ಮನೆಯವರ ಅಳು ಮುಗಿಯುವ ಮೊದಲೇ ಎರಡು ಕಡೆಯಿಂದ ಸೇರಿಕೋ ಎಂದು ಕಾಗದ ಬಂದಿತ್ತು. ಮದರಾಸಿನಲ್ಲಿ ಇಂಜಿನಿಯರಿಂಗು, ಕೊಯಮತ್ತೂರಿನಲ್ಲಿ ಬಿ.ಎಸ್ಸಿ. ಅಪ್ಪನಿಗೆ ಮದರಾಸೇ ಆಗಬೇಕು, ಅಮ್ಮನಿಗೆ ಮಗಳು ಊರು ಬಿಡಬಾರದು. ಕೊನೆಗೆ ದೇವರನ್ನೇ ಕೇಳೋಣವೆಂದು ಎರಡು ಬಾಳೆಲೆ ಪೊಟ್ಟಣ ಕಟ್ಟಿ ದೇವರ ಮುಂದಿಟ್ಟಿದ್ದರು. ಕೆಂಪು ಕಣಗಿಲೆ ಬಂದರೆ ಮದರಾಸು, ಬಿಳಿ ಬಂದರೆ ಕೊಯಮತ್ತೂರು. ಎತ್ತುವುದಕ್ಕೆ ಹೊರಗಿನವನ ಕೈ ಬೇಕಂತೆ.

ನಾನು ಒಂದನ್ನು ಎತ್ತಿ ಬಿಚ್ಚಿದೆ. ಬಿಳಿ ಹೂ.

"ಸಾಧ್ಯವೇ ಇಲ್ಲ!" ಯಜಮಾನರು ಕೂಗಿದರು. "ಎರಡರಲ್ಲೂ ನಾನೇ ಕೆಂಪು ಇಟ್ಟಿದ್ದೆ!"

ಅವರ ಹೆಂಡತಿ ಸೆರಗು ಸರಿಮಾಡಿಕೊಂಡು, "ಬಿಚ್ಚಿ ನೋಡಿದೆ. ಅದಕ್ಕೇ ಎರಡರಲ್ಲೂ ಬಿಳಿ ಇಟ್ಟೆ" ಅಂದರು.

ರತ್ನ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. "ನನ್ನನ್ನೇ ಕೇಳಿದ್ದಿದ್ರೆ ಹೂವಾದ್ರೂ ಉಳೀತಿತ್ತು. ನಾನು ಮದರಾಸಿಗೆ ಹೋಗ್ತೀನಿ."

ಯಜಮಾನರು ಗೆದ್ದವರ ಗತ್ತಿನಲ್ಲಿ ನನ್ನ ಕಡೆ ತಿರುಗಿ, "ಮೋಟಾರು ಸರಿಯಾಯ್ತಾ ತಂಬಿ?" ಎಂದರು.

"ಆಯ್ತು" ಅಂದೆ.

ದೇವರಿಗೇ ಟೋಪಿ ಹಾಕಲು ಹೊರಟಿದ್ದ ಮನುಷ್ಯ ನನ್ನ ಮಾತು ನಂಬಲಿಲ್ಲ. ತಾವೇ ಹೋಗಿ ಸ್ವಿಚ್ಚು ಹಾಕಿ ನೋಡಿದರು.