ಭಂಡಾರ ಹಚ್ಚಿ ಒತ್ತಿದ ಕರಾರು

ಮೊಬೈಲಿಗೆ ಬರುವ ಕರಾರುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವ ಹುಚ್ಚು ನನಗಿದೆ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಟವೆಲ್ ನೇಯುವ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ವ್ಯಾಪಾರಿಗಳ ಷರತ್ತು ಓದಿ ಓದಿ, ಅನುಮಾನ ಪಡುವುದು ನನಗೆ ಅಂಟಿಕೊಂಡುಬಿಟ್ಟಿದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ, ನನ್ನ ಗಂಟೇನು ಹೋಗುತ್ತದೆ?

ಆ ದಿನ ಊಟದ ಡಬ್ಬಿ ಬಿಚ್ಚಿದ್ದೆ, ಅಷ್ಟರಲ್ಲಿ ಕರಜಗಿಯಿಂದ ಅಕ್ಕನ ವಾಯ್ಸ್ ಮೆಸೇಜ್ ಬಂತು. ಅಕ್ಕನನ್ನು ಕೊಟ್ಟದ್ದು ಕುರಿ ಸಾಕುವ ಮನೆಗೆ. ಆಕೆ ಉಣ್ಣೆ ನೂಲುತ್ತಾಳೆ. ಆಕೆಯ ಗಂಡ, ನಾನು ಮಾಮಾ ಅನ್ನುವವರು, ಕಂಬಳಿ ನೇಯುತ್ತಾರೆ. ಆನ್‌ಲೈನ್ ಮಾರಾಟದ ಒಂದು ಆ್ಯಪಿನಲ್ಲಿ ಅಕ್ಕನ ಹೆಸರಿನಲ್ಲೇ ಅವರ ಅಂಗಡಿ ನಡೆದಿತ್ತು.

"ತಂಗಿ, ಕಂಪನಿಯವರು ಹೊಸಾ ಕರಾರು ಕಳಿಸ್ಯಾರ. ಒಪ್ಪೀವಿ ಅಂತ ಒತ್ತೀವಿ. ನೀ ಒಮ್ಮಿ ನೋಡು."

ಒತ್ತಿ ಆದ ಮೇಲೆ ನಾನು ನೋಡಬೇಕಂತೆ! ನನಗೆ ಸಿಟ್ಟು ನೆತ್ತಿಗೇರಿತು.

ಸಿಟ್ಟಿಗೆ ಕಾರಣವಿತ್ತು. ಯಾವನೋ ಗಿರಾಕಿ ದೂರು ಕೊಟ್ಟನೆಂದು ಆ ಕಂಪನಿಯವರು ಅಕ್ಕನ ಕಂಬಳಿಗಳ ಫೋಟೋದ ಕೆಳಗೆ 'ಗಿರಣಿ ನೂಲು' ಎಂದು ಬರೆದುಬಿಟ್ಟಿದ್ದರು. ಮನೆಯ ಕುರಿಯ ಉಣ್ಣೆಯನ್ನು ತಾನೇ ತೊಳೆದು, ಹಿಂಜಿ, ಬೆರಳು ಒಡೆಯುವಂತೆ ನೂತವಳು ಆಕೆ. ಅದನ್ನು ತೆಗೆಸಲು ಎಷ್ಟೋ ಸಲ ಬರೆಸಿದ್ದಳು. ಪ್ರತಿ ಸಲವೂ ಯಂತ್ರ ಬರೆದ ಧನ್ಯವಾದವೊಂದು ಬರುತ್ತಿತ್ತು, ಅಷ್ಟೇ. "ನನ್ನ ಕೈ ಸುಳ್ಳ ಅಂತ ಊರಿಗೆಲ್ಲಾ ಬರದ ತೋರಸ್ಯಾರ ನೋಡವ್ವಾ" ಎಂದು ಫೋನಿನಲ್ಲಿ ಅತ್ತಿದ್ದಳು.

ಅನ್ನ ಅಲ್ಲೇ ಬಿಟ್ಟು, ಆಕೆ ಜೊತೆಗೆ ಕಳಿಸಿದ್ದ ಕರಾರು ಓದಿದೆ. ಕಂಪನಿಯ ಜೊತೆಗಿನ ಯಾವ ತಕರಾರೂ, ಹಳೆಯದಿರಲಿ ಹೊಸದಿರಲಿ, ಇನ್ನು ಕೋರ್ಟಿಗೆ ಹೋಗುವಂತಿಲ್ಲ. ಕಂಪನಿಯ ಪಟ್ಟಿಯಲ್ಲಿರುವ ಒಬ್ಬ ಮಧ್ಯಸ್ಥಗಾರ ದೆಹಲಿಯಲ್ಲಿ ಕೂತು, ಇಂಗ್ಲಿಷಿನಲ್ಲಿ ಕೇಳಿ, ತೀರ್ಪು ಕೊಡುತ್ತಾನೆ. ಅದೇ ಕೊನೆ. ಅದರ ಕೆಳಗೆ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಇದೊಂದು ಷರತ್ತು ಬೇಡವೆನ್ನುವವರು ಒಪ್ಪಿದ ಒಂದು ತಿಂಗಳೊಳಗೆ ತಮ್ಮ ಇಮೇಲಿನಿಂದ ಹಾಗೆಂದು ಬರೆದು ಕಳಿಸಬಹುದು, ಅಂಗಡಿಗೆ ಏನೂ ಆಗುವುದಿಲ್ಲ.

ತಕ್ಷಣ ಫೋನ್ ಮಾಡಿದೆ. "ಅಕ್ಕಾ, ಮೊದಲ ಬ್ಯಾಡ ಅಂತ ಬರದ ಹಾಕು."

"ನಿಮ್ಮ ಮಾಮಾ ಒಲ್ಲೆ ಅಂತಾರ" ಎಂದಳು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟಳು.

ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪಲ್ಯ ಸೀದುಹೋಗುತ್ತಿತ್ತು, ಕಾರ್ಖಾನೆಯಲ್ಲಿ ಒಬ್ಬರ ಮಾಲು ಇನ್ನೊಬ್ಬರಿಗೆ ಹೊರಟಿತ್ತು. ತಿಂಗಳು ಮುಗಿಯುತ್ತ ಬಂದಾಗ ಇನ್ನು ತಡೆಯಲಾಗದೆ ರಜೆ ಹಾಕಿ ಎಸ್‌ಟಿ ಬಸ್ಸು ಹತ್ತಿದೆ. ಅಕ್ಕಲಕೋಟದಲ್ಲಿ ಕರಜಗಿಯ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಕಂಟ್ರೋಲರ್ ಕಿಟಕಿಗೆ ಹೋಗಿ ಹೋಗಿ ಕೇಳಿದೆ. "ಬಾಯಿ, ಬಸಾ ನಾ!" ಎಂದು ಆತ ಮರಾಠಿಯಲ್ಲಿ ಗದರಿದ, ಅಮ್ಮಾ ಕೂತುಕೊಳ್ಳಿ ಅಂತ. ಕೂರುವುದು ಆಗಿದ್ದರೆ ನಾನೇಕೆ ಕೇಳುತ್ತಿದ್ದೆ?

ಕರಜಗಿ ಮುಟ್ಟಿದಾಗ ಮಾಮಾ ಮಗ್ಗದಿಂದ ಇಳಿಸಿದ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದರು. ನೀರು ಕೂಡ ಕುಡಿಯದೆ ನಾನು ವಿಷಯಕ್ಕೆ ಬಂದೆ. ಅವರು ನಕ್ಕರು.

"ಕೋರ್ಟ ಬ್ಯಾಡ, ಪಂಚರು ಸಾಕು ಅಂದಾರ. ಶಾಣ್ಯಾ ಕಂಪನಿ ಅದ. ಅದಕ್ಕ ನೀ ಯಾಕ ಬೆಂಕಿ ಆಗೀದಿ?"

ಅಯ್ಯೋ ದೇವರೇ ಅನಿಸಿತು. ಅವರು ಹಾಗೆ ತಿಳಿದದ್ದು ಸುಮ್ಮನೆ ಅಲ್ಲ. ಅವರ ಮಂದಿಯ ಕುರಿಯ ಜಗಳ, ಹೊಲದ ಜಗಳ, ಗಂಡಹೆಂಡಿರ ಜಗಳ ಎಲ್ಲ ತೀರುವುದು ಕುಲದೇವರಾದ ಬೀರೋಬಾನ ಗುಡಿಯ ಮುಂದೆ. ಎರಡೂ ಕಡೆಯವರು ತಮ್ಮ ತಮ್ಮ ಪಂಚರನ್ನು ಆರಿಸಿಕೊಂಡು ಒಂದೇ ಕಂಬಳಿಯ ಮೇಲೆ ಕೂರುತ್ತಾರೆ. ಭಂಡಾರ, ಅಂದರೆ ದೇವರ ಅರಿಶಿನಪುಡಿ, ಅಂಗೈಯಲ್ಲಿ ಹಿಡಿದು ತೀರ್ಪಿಗೆ ಒಪ್ಪಿದೆವು ಎನ್ನುತ್ತಾರೆ. ಹಿಡಿದ ಮೇಲೆ ತಿರುಗುವಂತಿಲ್ಲ. ಮಾಮಾ ಆ ಪಂಚರಲ್ಲಿ ಹಿರಿಯರು. ಕಂಪನಿಯ ಕರಾರಿನಲ್ಲಿ ಪಂಚರ ಮಾತಿದೆ ಎಂದು ಯಾರಿಂದಲೋ ಕೇಳಿ ಖುಷಿಯಾಗಿ, ಮೊಬೈಲಿಗೂ ಅಕ್ಕನ ಹೆಬ್ಬೆರಳಿಗೂ ಭಂಡಾರ ಹಚ್ಚಿ, ಆಕೆಯ ಕೈಯಿಂದ 'ಒಪ್ಪಿದೆ' ಒತ್ತಿಸಿದ್ದರು!

"ಮಾಮಾ, ಅಲ್ಲಿ ಇರಾವ ಒಬ್ಬನ ಪಂಚ. ಅವನೂ ಕಂಪನಿ ಪಟ್ಟಿಯವನ. ನಮ್ಮ ಕಡಿಯವರು ಯಾರೂ ಇಲ್ಲರಿ."

ಗಂಜಿಯ ಕೈ ನಿಂತಿತು. "ನಮ್ಮ ಪಂಚ ಇಲ್ಲ? ಹಂಗಾರ ಅದೆಂಥಾ ಪಂಚಾಯ್ತಿ?"

"ನಾನೂ ಅದನ್ನ ಹೇಳಾಕತ್ತೀನಿ. ಬ್ಯಾಡ ಅನ್ನಾಕ ಅವರೇ ಅವಕಾಶ ಕೊಟ್ಟಾರ. ಎರಡ ಸಾಲು ಬರದರ ಮುಗೀತು."

ಅವರು ಗಂಜಿಯ ಪಾತ್ರೆ ಬದಿಗೆ ಸರಿಸಿದರು. ಒಳಗೊಳಗೇ ಒದ್ದಾಡುತ್ತಿದ್ದರು, ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ತಲೆ ಅಲ್ಲಾಡಿಸಿದರು.

"ಮೋಸ ಅವರದ ಇರಬಹುದು. ಆದರ ಭಂಡಾರ ಹಚ್ಚಿ ಒಪ್ಪೀವಿ. ನಾ ಪಂಚ ಇದ್ದಾಂವ, ನಾನ ಮಾತು ತಿರುವಿದರ ನಾಳಿ ಆ ಗುಡಿ ಮುಂದ ಯಾವ ಮಾರಿ ಇಟ್ಕೊಂಡ ಕೂಡಲಿ?"

"ಅವರು ಭಂಡಾರ ಹಿಡದಾರೇನ್ರಿ?" ಎಂದು ನಾನು ಚೀರಿಯೇಬಿಟ್ಟೆ. ಹಿರಿಯರ ಮುಂದೆ ಹಾಗೆ ಚೀರಬಾರದು, ಗೊತ್ತು. ಅವರು ಪಾತ್ರೆ ಮತ್ತೆ ಎಳೆದುಕೊಂಡು ಗಂಜಿ ಹಚ್ಚತೊಡಗಿದರು. ಇನ್ನೇನು ಎದ್ದುಬಿಡಬೇಕು, ಹಾಳಾಗಿ ಹೋಗಲಿ ಅನಿಸಿತು.

ಅಲ್ಲಿಯತನಕ ಬಾಗಿಲಲ್ಲಿ ಕೂತು ನೂಲುತ್ತಿದ್ದ ಅಕ್ಕ ಕದಿರು ಕೆಳಗಿಟ್ಟಳು.

"ಒಪ್ಪಿದ್ದು ಯಾರ್ರಿ?" ಎಂದು ಗಂಡನನ್ನು ಕೇಳಿದಳು. "ಹೆಬ್ಬಟ್ಟು ನಂದು, ಮಾತು ನಿಮ್ಮದು. ಒಪ್ಪತೀಯೇನು ಅಂತ ನನ್ನ ಯಾರ ಕೇಳ್ಯಾರ? ನಿಮ್ಮ ಪಂಚರ ಮುಂದ ಹೆಂಗಸಿನ ಮಾತು ಗಂಡ ಹೇಳಬೇಕು, ಇಲ್ಲಾ ಅಣ್ಣ ಹೇಳಬೇಕು. ದಿಲ್ಲಿ ಪಂಚನ ಮುಂದ ನನ್ನ ಮಾತು ಇಂಗ್ಲಿಷ್ ಬಲ್ಲಾಂವ ಹೇಳಬೇಕು. ನಾ ಯಾವಾಗ ಹೇಳಲಿ? ಸೋಲಾಪುರ ಕೋರ್ಟಿಗೆ ಹೋಗತೀನಿ, ಉಣ್ಣಿ ಗಂಟು ತಗೊಂಡು. ಸಾಹೇಬರ ಮುಂದ ಕೂತು ನೂತು ತೋರಸತೀನಿ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆಕೆ ಗಂಡನ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾಮಾ ಕಂಬಳಿಯ ಅಂಚು ಎಳೆದು ಸರಿಮಾಡುತ್ತ ಕೂತರು. ಅಕ್ಕ ಕೈ ಒರೆಸಿಕೊಂಡು ಮೊಬೈಲು ತಂದಳು. ಆಕೆಯ ಇಮೇಲಿನಿಂದ ನಾನು ಬರೆದೆ: ಹೆಸರು, ಅಂಗಡಿಯ ನಂಬರು, ಮಧ್ಯಸ್ಥಿಕೆಯ ಷರತ್ತಿಗೆ ನನ್ನ ಒಪ್ಪಿಗೆ ಇಲ್ಲ. ಅಕ್ಕ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿಸಿ ಕೇಳಿದಳು. ಆಮೇಲೆ ತಾನೇ ಒತ್ತಿದಳು. ನಾವು ಚಹಾ ಕುಡಿಯುವಷ್ಟರಲ್ಲಿ ಕಂಪನಿಯ ಉತ್ತರ ಬಂತು: ನಿಮ್ಮ ನಿರಾಕರಣೆ ದಾಖಲಾಗಿದೆ. ಇಷ್ಟಕ್ಕೆ ನಾನು ತಿಂಗಳು ಪೂರ್ತಿ ಚಡಪಡಿಸಿದ್ದೆ!

ಸಂಜೆ ಬಸ್ ಸ್ಟಾಪಿನವರೆಗೆ ಮಾಮಾ ನನ್ನ ಚೀಲ ಹಿಡಿದು ಬಂದರು. ಸಿಟ್ಟಾಗಿದ್ದಾರೆ ಎಂದು ಅಂಜಿ ನಾನು ಎರಡು ಹೆಜ್ಜೆ ಹಿಂದೆಯೇ ನಡೆದೆ. ಬಸ್ಸು ತಿರುವಿನಲ್ಲಿ ಕಂಡಾಗ ಅವರು ಚೀಲ ಕೊಟ್ಟರು, ಕೊಟ್ಟು ಹಿಡಿಕೆ ಬಿಡಲೇ ಇಲ್ಲ.

"ಯವ್ವಾ, ನೀ ಓದಿದಾಕಿ ಇದ್ದಿ, ನನಗ ಒಂದ ಮಾತು ಹೇಳು. ಆ ಗುಡಿ ಮುಂದ ಭಾಳ ಹೆಣ್ಮಕ್ಕಳ ಸಂಸಾರ ನಾ ಮುರದೀನಿ, ಭಾಳ ಮಂದೀನ ಹೊಳ್ಳಿ ಗಂಡನ ಮನಿಗೆ ಕಳಿಸೀನಿ. ಒಬ್ಬಾಕಿನೂ ನಾ ಕೇಳಿಲ್ಲ. ಆ ಕಂಪನಿಯವರು ಬ್ಯಾಡ ಅನ್ನಾಕ ಒಂದ ತಿಂಗಳರ ಕೊಟ್ಟಾರ. ನಾ ಆ ಹೆಣ್ಮಕ್ಕಳಿಗೆ ಏನ ಕೊಟ್ಟಿದ್ದೆ?"