ವೆನ್ ಅಜ್ಜಿಯ ಬಿಳಿ ಹಲ್ಲು

ಡುವೊಂಗ್ ನದಿಯ ದಂಡೆಯ ಆ ಹಳ್ಳಿಯಲ್ಲಿ ವೆನ್ ಅಜ್ಜಿಯ ಬಾಯಿಗೆ ಹೆದರದವರಿರಲಿಲ್ಲ. ಅಂಥ ಬಾಯಿಗೆ ಹೊಸ ಹಲ್ಲು ಬಂದದ್ದೇ ತಡ, ಬೀಗ ಬಿತ್ತು.

ಹಲ್ಲು ಕಟ್ಟಿಸಿಕೊಟ್ಟವಳು ಸೊಸೆ ಲುವಾ. ಅತ್ತೆ ಬರೀ ಗಂಜಿ ಕುಡಿದುಕೊಂಡು, ಎಲೆ ಅಡಿಕೆಯನ್ನೂ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುವುದನ್ನು ನೋಡಲಾರದೆ ಪೇಟೆಯ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಅಪ್ಪಟ ಬಿಳುಪು. ಮೊದಮೊದಲು ವಸಡು ಉಜ್ಜಿ ಕೆಂಪಾಯಿತು, ಜೊಲ್ಲು ಸುರಿಯಿತು, ಅನ್ನ ಅಗಿದರೆ ಹಲಗೆ ಅಗಿದ ಹಾಗಾಯಿತು. ಲುವಾ ಮುಕ್ಕಳಿಸಲು ಉಪ್ಪುನೀರು ಕೊಟ್ಟಳು. ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತ, "ಎರಡೂ ಕಡೆ ಅಗೀರಿ ಅಮ್ಮ, ಒಂದೇ ಕಡೆ ಅಗಿದ್ರೆ ಮಗುಚಿಕೊಳ್ಳತ್ತೆ" ಅಂದಳು. ಚುಚ್ಚುವ ಅಂಚನ್ನು ಡಾಕ್ಟರಿಂದ ಉಜ್ಜಿಸಿ ತಂದಳು. ಸಂಜೆಯಾದರೆ ಸೆಟ್ಟನ್ನು ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿ ತಣ್ಣೀರಿನ ಬಟ್ಟಲಲ್ಲಿಟ್ಟಳು. ಹೆತ್ತ ಮಗಳೂ ಇಷ್ಟು ಮಾಡುವುದಿಲ್ಲ. ನೋವೇನೋ ಹೋಯಿತು, ಅಜ್ಜಿಯ ಮೌನ ಮಾತ್ರ ಹೋಗಲಿಲ್ಲ. ಯಾರಾದರೂ ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವಳು.

ತಕರಾರು ಬಣ್ಣದ್ದು. ಅಜ್ಜಿಯ ಕಾಲದ ಹೆಣ್ಣುಮಕ್ಕಳು ಮದುವೆಗೆ ಮೊದಲೇ ಹಲ್ಲಿಗೆ ಕಪ್ಪು ಹಚ್ಚಿಸಿಕೊಂಡವರು. ಬಿಳಿ ಹಲ್ಲು ನಾಯಿಗೆ ಚೆಂದ ಎನ್ನುತ್ತ ಬೆಳೆದವರು. ನೇರಳೆ ಹಣ್ಣಿನಂತೆ ಮಿರುಗುತ್ತಿದ್ದ ಅವಳ ಹಲ್ಲಿಗೆ ಮನಸೋತೇ ಥಿನ್ ಅವಳ ಕೈ ಹಿಡಿದದ್ದು. ಅವನು ತೀರಿಹೋಗಿ ಕೆಲವು ವರ್ಷಗಳಾಗಿದ್ದವು; ಈಗ ತಿಥಿ ಹತ್ತಿರ ಬಂದಿತ್ತು. ಪ್ರತಿ ತಿಥಿಗೂ ಹಿರಿಯರ ಪೀಠದ ಮುಂದೆ ನಿಂತು ಅವನನ್ನು ಬಾಯ್ತುಂಬ ಊಟಕ್ಕೆ ಕರೆಯುವವಳು ಅಜ್ಜಿಯೇ. ಬೋಡುಬಾಯಲ್ಲಿ ಕರೆದಾಗ, ಮುದುಕಿಯಾದಳು ಪಾಪ, ಅಂದುಕೊಂಡು ಬಂದಿರುತ್ತಾನೆ. ಬಿಳಿ ಹಲ್ಲಿನವಳನ್ನು ಕಂಡು, ಇವಳು ಯಾವಳೋ ಎಂದು ಬಾಗಿಲಿಂದಲೇ ತಿರುಗಿಹೋದರೆ? ಹಲ್ಲು ತೆಗೆದಿಟ್ಟು ಕರೆಯೋಣವೆಂದರೆ ಅಷ್ಟು ಮಾಡಿದ ಸೊಸೆಯ ಮನಸ್ಸು ನೋಯುತ್ತದೆ. ಅಜ್ಜಿ ಒಳಗೊಳಗೇ ಬೆಂದಳು.

ಕೊನೆಗೆ ತಿಥಿಯ ಹಿಂದಿನ ರಾತ್ರಿ ಒಂದು ಘನಕಾರ್ಯ ಮಾಡಿದಳು. ಅರಗಿನ ಪುಡಿಯನ್ನು ನಿಂಬೆರಸ ಮತ್ತು ಅಕ್ಕಿ ಸಾರಾಯಿಯಲ್ಲಿ ಕಲಸಿ, ಬಾಳೆಯೆಲೆಯ ಚೂರಿಗೆ ಹಚ್ಚಿ, ಸೆಟ್ಟಿಗೆ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಅವಳ ತಾಯಿ ಅವಳ ಹಲ್ಲಿಗೆ ಮಾಡಿದ್ದೂ ಹೀಗೆಯೇ. ಹುಟ್ಟಿದ ಹಲ್ಲಿಗೆ ಹಿಡಿಯುವ ಬಣ್ಣ ಪ್ಲಾಸ್ಟಿಕ್ಕಿಗೆ ಹಿಡಿದೀತೇ? ತಿಥಿಯ ಬೆಳಿಗ್ಗೆ ಅಕ್ಕಿ ಅಳೆಯಲು ಹೋದ ಲುವಾಳ ಕೈಗೆ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಹಲ್ಲೆಲ್ಲ ಹಂಡಬಂಡ.

"ಏನಮ್ಮ ಇದು? ಬೇಡ ಅಂದಿದ್ರೆ ನಾನೇ ಸುಮ್ನಾಗ್ತಿದ್ದೆ. ಹೀಗೆ ಹಾಳು ಮಾಡೋದಾ?"

"ಹಾಳು ಮಾಡ್ಲಿಲ್ಲ ಕಣೇ, ಸರಿ ಮಾಡೋಕ್ ಹೋದೆ," ಅಂದಳು ಅಜ್ಜಿ, ಬೋಡುಬಾಯಲ್ಲಿ. "ಅವರಿಗೆ ಗುರುತು ಸಿಗಬೇಕಲ್ಲ."

"ಯಾರಿಗೆ?"

ಅಜ್ಜಿ ಪೀಠದ ಮೇಲಿದ್ದ ಗಂಡನ ಫೋಟೋ ಕಡೆ ನೋಡಿದಳು. ಲುವಾಳ ಸಿಟ್ಟು ಜರ್ರನೆ ಇಳಿಯಿತು. ಅತ್ತೆಗೆ ತಾನು ಕಟ್ಟಿಸಿಕೊಟ್ಟ ಹಲ್ಲು ಬೇಡವಾಗಿದೆ ಎಂದು ಇಷ್ಟು ದಿನ ಕೊರಗಿದ್ದಳು. ಬಾವಿಕಟ್ಟೆಯ ಮೇಲೆ ಕೂತು ಆ ಸೆಟ್ಟನ್ನು ತಿಕ್ಕಿದಳು. ಅರಗೇನೋ ಬಿಟ್ಟಿತು, ಸಂದಿಯ ಕಂದು ಕಲೆ ಉಳಿಯಿತು. ತೊಳೆದು ತಂದು ತಾನೇ ಅತ್ತೆಯ ಬಾಯಿಗೆ ಕೂರಿಸಿದಳು.

ಅಂಟಕ್ಕಿ ಅನ್ನ, ಕೋಳಿ, ಕಳಲೆ ಸಾರು ಪೀಠ ಸೇರಿದವು. ಅಜ್ಜಿಯ ಮಗ ಖ್ವಾಟ್ ಊದುಬತ್ತಿ ಹಚ್ಚಿದ. ಅಜ್ಜಿ ಬಾಯಿ ಮುಚ್ಚಿಕೊಂಡೇ ನಿಂತಳು. ಆಗ ಲುವಾ ನಾಣ್ಯದ ತಟ್ಟೆ ಎತ್ತಿಕೊಂಡಳು. ಹಿರಿಯರನ್ನು ಏನಾದರೂ ಕೇಳಬೇಕಾದರೆ ಒಂದು ಬದಿಗೆ ಸುಣ್ಣ ಬಳಿದು ಇನ್ನೊಂದು ಬದಿಯನ್ನು ಕಪ್ಪಾಗಿಯೇ ಬಿಟ್ಟ ಎರಡು ನಾಣ್ಯ ಹಾಕುತ್ತಾರೆ. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಒಪ್ಪಿಗೆ. ಎರಡೂ ಕಪ್ಪಾದರೆ ಮುನಿಸು. ಎರಡೂ ಬಿಳಿಯಾದರೆ ಅವರು ನಗುತ್ತಿದ್ದಾರೆಂದು ಅರ್ಥ.

"ಅಪ್ಪ, ನಾನು ಲುವಾ. ಇವರು ನಮ್ಮ ಅಮ್ಮನೇ. ಹಲ್ಲು ಮಾತ್ರ ನಾನು ತಂದಿದ್ದು, ಬೈಯೋದಿದ್ರೆ ನನಗೆ ಬೈರಿ. ಬೇರೆ ಯಾರೋ ಅಂದ್ಕೊಂಡು ಹೋಗ್ಬಿಡಬೇಡಿ. ಗುರುತು ಸಿಕ್ತಾ?"

ನಾಣ್ಯಗಳು ತಟ್ಟೆಯಲ್ಲಿ ಗಿರ್ರನೆ ತಿರುಗಿ ಬಿದ್ದವು. ಎರಡೂ ಬಿಳಿ.

"ನಗ್ತಿದಾರಮ್ಮ," ಅಂದಳು ಲುವಾ.

ಅಜ್ಜಿ ಬಾಯಿಂದ ಕೈ ತೆಗೆದಳು. ಕಣ್ಣು ತುಂಬಿತ್ತು.

"ನಗ್ಲಿ ಬಿಡು. ಕಂಡವರ ಮುಂದೆಲ್ಲ ಹಲ್ಲು ಬಿಡೋ ಮನುಷ್ಯ ಅಲ್ಲ ಅವರು. ನನ್ನನ್ನ ನೋಡಿದ್ರೆ ಮಾತ್ರ ನಗು ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ."

ಫೋಟೋದ ಹತ್ತಿರ ಹೋಗಿ, ಬಾಯ್ತುಂಬ ಕರೆದಳು:

"ಬನ್ರೀ, ನಕ್ಕಿದ್ದು ಸಾಕು. ಊಟ ಆರಿಹೋಗತ್ತೆ."